ಸೊಸ್ತೆನ್ ಮಾವ ಬಣ್ಣ ಬಳಿಯುತ್ತಿದ್ದ ಶಿಲುಬೆ

ನಮ್ಮೂರಿನಲ್ಲಿ ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸುವ ಮುಂಚೆ ಪಾದ್ರಿ ಸತ್ತವರ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ಅದರ ಹಿಂದೆಯೇ ತಂದೆಯ ಹೆಸರು, ತಾಯಿಯ ಹೆಸರು. ಇಂಥವನ ಮಗ, ಇಂಥವಳ ಮಗಳು ಎಂದು. ಬೇರೆ ಊರುಗಳಲ್ಲಿ ಹೀಗೆ ಮಾಡುವುದಿಲ್ಲವಂತೆ. ಮಾಡದಿದ್ದರೆ ಬಿಡಲಿ, ಅವರ ಊರು ಅವರಿಗೆ. ನಮ್ಮಲ್ಲಿ ಕುಡಿದು ಕೆರೆಗೆ ಬಿದ್ದು ಸತ್ತವನಿಗೂ ಅಪ್ಪ ಅಮ್ಮನ ಹೆಸರು ಕೂಗಿಯೇ ಮಣ್ಣು ಹಾಕುತ್ತೇವೆ. ಒಂದೇ ಒಂದು ಬಗೆಯ ಜನಕ್ಕೆ ಮಾತ್ರ ಹಾಗೆ ಕೂಗಲು ಏನೂ ಇರುತ್ತಿರಲಿಲ್ಲ. ಅವರೇ ಪಾರೀಸಿನ ಕೂಸುಗಳು.

ಹೆತ್ತವರು ಬಿಟ್ಟುಹೋದ ಮಕ್ಕಳನ್ನು ಸರ್ಕಾರ ರೈಲಿನಲ್ಲಿ ನಮ್ಮ ಮೊರ್ವಾ ಗುಡ್ಡಗಾಡಿಗೆ ಕಳಿಸುತ್ತಿದ್ದ ಕಾಲವೊಂದಿತ್ತು. ನಮ್ಮ ಅಜ್ಜಿಯರು ಆ ಮಕ್ಕಳಿಗೆ ಎದೆಹಾಲು ಕೊಟ್ಟು ಸಾಕುತ್ತಿದ್ದರು. ನನ್ನ ಅಜ್ಜಿಯೂ ಸಾಕಿದ್ದಳು. ನಮ್ಮೂರಿನ ಅರ್ಧ ಮನೆಗಳ ಹುಲ್ಲಿನ ಮಾಡು ಹೋಗಿ ಕಲ್ಲುಹೆಂಚು ಬಂದದ್ದು ಆ ಹಾಲಿಗೆ ಸರ್ಕಾರ ಕೊಟ್ಟ ಕೂಲಿಯಿಂದಲೇ. ಈಗಲೂ ಅವಕ್ಕೆ ಹಾಲಿನ ಮನೆಗಳು ಎಂದೇ ಹೆಸರು. ಆ ಕೂಸುಗಳು ಇಲ್ಲೇ ಬೆಳೆದು, ಇಲ್ಲೇ ದುಡಿದು, ಇಲ್ಲೇ ಸತ್ತವು. ಸತ್ತಾಗ ಪಾದ್ರಿ ಹೆಸರು ಕೂಗುತ್ತಿದ್ದ, ಆಮೇಲೆ ಒಂದು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದ, ಆಮೇಲೆ ಮಣ್ಣು. ಅಷ್ಟೇ.

ಸೊಸ್ತೆನ್ ಮಾವನೂ ಅಂಥದೊಂದು ಕೂಸು, ನನಗೆ ನೆಂಟನಲ್ಲ, ಬಾಯಿಮಾತಿಗೆ ಮಾವ; ಆ ಮೌನವನ್ನು ಜೀವಮಾನವಿಡೀ ಕೇಳಿಕೊಂಡು ಬಂದವನು. ತನ್ನ ಥರದವರು ಯಾರೇ ಸತ್ತರೂ ಮುಂದಿನ ಸಾಲಿನಲ್ಲಿ ಟೋಪಿ ಹಿಡಿದುಕೊಂಡು ನಿಲ್ಲುತ್ತಿದ್ದ. ವಾಪಸು ಬರುವಾಗ ನನಗೆ ಹೇಳುತ್ತಿದ್ದುದು ಒಂದೇ ಮಾತು: "ನೋಡಿದ್ಯಾ ಮಾರಿನೆಟ್, ನಾಯಿ ಹೂಳಿದ ಹಾಗೆ ಹೂಳಿಬಿಟ್ರು."

ಅವನ ಪೂರ್ತಿ ಹೆಸರು ಸೊಸ್ತೆನ್ ಜಾನ್ವಿಯೆ. ಜಾನ್ವಿಯೆ ಎಂದರೆ ಜನವರಿ. ಪಾರೀಸಿನ ಯಾವುದೋ ಇಗರ್ಜಿಯ ಮೆಟ್ಟಿಲ ಮೇಲೆ ಕೂಸು ಸಿಕ್ಕಿದ್ದು ಜನವರಿಯಲ್ಲಿ, ಹಾಗಾಗಿ ಮನೆತನದ ಹೆಸರಿನ ಜಾಗಕ್ಕೆ ಗುಮಾಸ್ತನೊಬ್ಬ ತಿಂಗಳ ಹೆಸರನ್ನೇ ಬರೆದು ಕೈತೊಳೆದುಕೊಂಡಿದ್ದ. ಊರಿನ ಮಕ್ಕಳು ಅವನನ್ನು ವೈನು ಚೆಲ್ಲಿದವ ಎಂದು ಕರೆಯುತ್ತಿದ್ದರು. ಬಲ ಭುಜದ ಹಿಂದೆ ಅಂಗೈಯಗಲ ಕೆಂಪು ಮಚ್ಚೆ. ಹುಲ್ಲು ಕೊಯ್ಯುವ ಕಾಲದಲ್ಲಿ ಅಂಗಿ ಬಿಚ್ಚಿದನೆಂದರೆ ಊರಿಗೆಲ್ಲ ಕಾಣುತ್ತಿತ್ತು. "ಹುಟ್ಟುವಾಗಲೇ ದೇವರು ಗ್ಲಾಸು ತಟ್ಟಿಬಿಟ್ಟ, ಕುಡಿಯೋಕೆ ಮಾತ್ರ ಏನೂ ಉಳಿಸ್ಲಿಲ್ಲ" ಎಂದು ಅವನೇ ನಗುತ್ತಿದ್ದ.

ಕಸುಬು ಮರದ ಬೂಟು ಕೊರೆಯುವುದು. ರಬ್ಬರ್ ಬೂಟು ಬರುವ ತನಕ ಸುತ್ತಿನ ಐದಾರು ಹಳ್ಳಿಯ ಕಾಲುಗಳೆಲ್ಲ ಅವನ ಕೈಯಲ್ಲಿದ್ದವು. ಮುಖ ಮರೆತಾನು, ಕಾಲು ಮರೆಯುತ್ತಿರಲಿಲ್ಲ. ಮದುವೆ ಆಗಲಿಲ್ಲ. ಒಮ್ಮೆ ಕೇಳಲು ಹೋಗಿದ್ದನಂತೆ. ಹುಡುಗಿಯ ಅಪ್ಪ, "ಬೀಜ ಯಾವುದು ಅಂತ ಗೊತ್ತಿಲ್ಲದೆ ಹಸು ಕೂಡ ತರಲ್ಲ ನಾನು" ಎಂದು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ. ಆ ಮನುಷ್ಯನ ಬಾಯಿಗೆ ಹುಳ ಬೀಳಲಿ ಎಂದು ನಾನು ಈಗಲೂ ಬೈಯುತ್ತೇನೆ.

ಅವನನ್ನು ಸಾಕಿದವಳು ಫಿಲೊಮೆನ್. ಗಂಡ ಮೊದಲ ಮಹಾಯುದ್ಧದಲ್ಲಿ ಹೋದ. ಹೆತ್ತ ಒಂದೇ ಮಗು ಅದಕ್ಕೂ ಮುಂಚೆಯೇ ಹೋಗಿತ್ತು. ಆ ಮಗುವಿನ ಹಾಲನ್ನೇ ಅವಳು ಎರಡು ಪಾರೀಸಿನ ಕೂಸುಗಳಿಗೆ ಕುಡಿಸಿದಳು. ಒಂದು ಸೊಸ್ತೆನ್. ಇನ್ನೊಂದು ಅದ್ರಿಯಾ ಕೊವೆಲ್ ಎಂಬ ಗಂಡುಮಗು. ಅದು ಮಾರನೆಯ ಚಳಿಗಾಲದಲ್ಲಿ ಭೇದಿಯಾಗಿ ತೀರಿಕೊಂಡಿತು. ಪಾರೀಸಿನ ಕೂಸು ಸತ್ತರೆ ಸ್ಮಶಾನದ ಬಡಗಣ ಗೋಡೆಯ ಮೂಲೆಯಲ್ಲಿ ಗುರುತಿಲ್ಲದೆ ಹೂಳುವುದು ರೂಢಿ. ಆದರೆ ಅದ್ರಿಯಾನ ಮಣ್ಣಿನ ಮೇಲೆ ಕಬ್ಬಿಣದ ಶಿಲುಬೆ ಎದ್ದಿತು, ಹೆಸರು ಬರೆದದ್ದು. ಯಾರದೋ ಕೂಸಿಗೆ ಶಿಲುಬೆ ನೆಡಿಸಿದಳು ಎಂದು ಊರು ಫಿಲೊಮೆನ್‌ಳನ್ನು ಹಾಡಿ ಹೊಗಳಿತು. ನವೆಂಬರ್ ಒಂದರ ಸಕಲ ಸಂತರ ಹಬ್ಬಕ್ಕೆ ಅವಳು ಆ ಪುಟ್ಟ ಗೋರಿಗೆ ಸೇವಂತಿಗೆ ತಂದಿಟ್ಟು ಅಳುತ್ತಿದ್ದುದನ್ನು ನಾನೂ ಕಂಡಿದ್ದೇನೆ. ನನ್ನ ಅಜ್ಜಿ ಗೊಣಗುತ್ತಿದ್ದಳು, "ಹೆತ್ತ ಮಗೂಗೆ ಇಷ್ಟು ಅಳ್ಲಿಲ್ಲ ಇವಳು."

ಫಿಲೊಮೆನ್ ಸತ್ತ ಮೇಲೆ ಆ ಕೆಲಸವನ್ನು ಸೊಸ್ತೆನ್ ಮಾವ ವಹಿಸಿಕೊಂಡ. ಹಬ್ಬದ ಹಿಂದಿನ ವಾರ ಬಿಳಿ ಬಣ್ಣದ ಡಬ್ಬಿ, ಸಣ್ಣ ಕುಂಚ ಹಿಡಿದು ಹೋಗಿ ಮಂಡಿಯೂರುತ್ತಿದ್ದ. ತುಕ್ಕು ಕೆರೆದು ಅಕ್ಷರ ತಿದ್ದುತ್ತಿದ್ದ: ಅದ್ರಿಯಾ ಕೊವೆಲ್. "ನನ್ನ ಹಾಲಿನ ಅಣ್ಣ ಕಣೇ. ಒಂದೇ ಎದೆ ಕುಡಿದವ್ರು ನಾವು" ಎನ್ನುತ್ತಿದ್ದ. ಫಿಲೊಮೆನ್‌ಳ ಗೋರಿಯ ಮೇಲಂತೂ ಅವಳ ಹೆಸರಿನ ಕೆಳಗೆ ತನ್ನ ಹೆಸರನ್ನೂ ಆಗಲೇ ಕೆತ್ತಿಸಿಟ್ಟಿದ್ದ, ಸೊಸ್ತೆನ್ ಜಾನ್ವಿಯೆ, 1911, ಅದರ ಮುಂದೆ ಸತ್ತ ವರ್ಷಕ್ಕೆ ಜಾಗ ಬಿಟ್ಟು. ಅವ್ವನ ಪಕ್ಕ ಮಲಗುತ್ತೇನೆ ಎಂಬುದೊಂದೇ ಅವನಿಗಿದ್ದ ಆಸ್ತಿ.

ಎಪ್ಪತ್ತೇಳನೆಯ ವಯಸ್ಸಿನಲ್ಲಿ ಅವನ ಶ್ವಾಸಕೋಶ ಕೈಕೊಟ್ಟಿತು. ಜೀವಮಾನವೆಲ್ಲ ಮರದ ಪುಡಿ ಉಸಿರಾಡಿದವನು. ಡಾಕ್ಟರು ಇನ್ನೊಂದು ಚಳಿಗಾಲ ಕಷ್ಟ ಎಂದುಬಿಟ್ಟ. ಮಾರನೆಯ ದಿನ ಬೆಳಿಗ್ಗೆ ಮಾವ ನನ್ನ ಅಡುಗೆಮನೆಗೆ ಬಂದು ಕೂತ. ನನ್ನ ಗಂಡ ಕಸಾಯಿ ಅಂಗಡಿ ನಡೆಸುತ್ತಿದ್ದಾಗ ಮಾಂಸ ಹಂಚಲು ಇಟ್ಟುಕೊಂಡಿದ್ದ ಹಳೇ ಕಾರು ಅಂಗಳದಲ್ಲಿತ್ತು. ಅದರ ಕಡೆ ಗಲ್ಲ ತೋರಿಸಿದ.

"ಅದು ನೆವೆರ್‌ವರೆಗೆ ಓಡುತ್ತಾ, ದಾರೀಲೇ ಪ್ರಾಣ ಬಿಡುತ್ತಾ?"

"ನಿನಗಿಂತ ಚೆನ್ನಾಗಿ ಉಸಿರಾಡುತ್ತೆ ಬಿಡು. ನೆವೆರ್‌ನಲ್ಲಿ ಏನಿದೆ ನಿಂದು?"

"ಜಿಲ್ಲೆಯ ಹಳೇ ದಾಖಲೆಗಳೆಲ್ಲ ಅಲ್ಲಿವೆಯಂತೆ. ನಮ್ಮ ಥರದವರ ಕಾಗದಾನೂ ಅಲ್ಲಿಗೇ ಸಾಗಿಸಿದಾರಂತೆ. ನಮ್ಮದು ನಾವು ಕೇಳಿದ್ರೆ ಕೊಡ್ತಾರಂತೆ." ಟೋಪಿಯನ್ನು ಮಂಡಿಯ ಮೇಲೆ ತಿರುಗಿಸುತ್ತ ಹೇಳಿದ, "ನನ್ನನ್ನ ಹೂಳೋವಾಗ ಪಾದ್ರಿ ಸುಮ್ಮನೆ ನಿಲ್ಲಬಾರದು, ಮಾರಿನೆಟ್. ಒಂದು ಹೆಸರು ಕೂಗ್ಬೇಕು. ಅಪ್ಪಂದು ಹಾಳಾಗ್ಹೋಗ್ಲಿ. ಅಮ್ಮಂದು ಸಾಕು."

ಇಲ್ಲ ಎನ್ನಲು ನಾನೇನು ಕಲ್ಲೇ? ಪಾದ್ರಿಯವರಿಗೂ ಹೇಳಿದೆವು. ಅವರು ನಮ್ಮ ಹಳಬರೇ, ಒಳ್ಳೆಯ ಜೀವ. "ಹೆಸರು ತಂದುಕೊಡು ಸೊಸ್ತೆನ್, ಗುಡ್ಡದಾಚೆಗೂ ಕೇಳಿಸೋ ಹಾಗೆ ಕೂಗ್ತೀನಿ" ಎಂದರು.

ದಾಖಲೆ ಕಚೇರಿಯ ಓದುಕೋಣೆಯಲ್ಲಿ ಪೆನ್ನು ಹಿಡಿಯುವಂತಿಲ್ಲ, ಪೆನ್ಸಿಲ್ಲೇ ಆಗಬೇಕು. ಕೆಮ್ಮಿದರೆ ನಾಲ್ಕು ಜನ ತಿರುಗಿ ನೋಡುತ್ತಾರೆ. ಬಂದವರೆಲ್ಲ ವಂಶವೃಕ್ಷ ಬರೆಯುವ ಪಿಂಚಣಿದಾರರು, ಮುತ್ತಜ್ಜನ ಮುತ್ತಜ್ಜ ಜಮೀನ್ದಾರ ಆಗಿರಲಿ ಎಂದು ಹರಕೆ ಹೊತ್ತವರು. ನಮ್ಮ ಮೇಜಿನ ಟೈ ಕಟ್ಟಿದ ಮನುಷ್ಯ ಮುನ್ನೂರು ವರ್ಷ ಹಿಂದಕ್ಕೆ ಹೋಗಿಬಿಟ್ಟಿದ್ದ. "ನೀವು ಎಲ್ಲೀತನಕ ಹೋಗಿದೀರಿ?" ಎಂದು ಮಾವನನ್ನು ಕೇಳಿದ.

"ಇನ್ನೂ ನನ್ನ ತನಕಾನೇ ಬಂದಿಲ್ಲ ಸ್ವಾಮಿ" ಎಂದ ಮಾವ.

ಕೌಂಟರಿನ ಹುಡುಗಿ ಕಂತೆ ತಂದಿಟ್ಟಳು. ತೆಳುವಾದದ್ದು. ಮಾವನಿಗೆ ಆ ಹಳೇ ಬರಹ ಕಾಣಿಸುತ್ತಿರಲಿಲ್ಲ, ನನಗೆ ಅರ್ಥವಾಗುತ್ತಿರಲಿಲ್ಲ. ಹುಡುಗಿಯೇ ಪಕ್ಕದಲ್ಲಿ ಕೂತು ಮೆಲ್ಲಗೆ ಓದಿದಳು. ಜನವರಿಯಲ್ಲಿ ಸಿಕ್ಕ ಗಂಡುಮಗು. ಕೊರಳಿಗೆ ಕಟ್ಟಿದ ಬಿಲ್ಲೆಯ ಸಂಖ್ಯೆ ಇಂಥದು. ಹೆತ್ತವರು ಗೊತ್ತಿಲ್ಲ, ಜೊತೆಗೆ ಚೀಟಿ ಇಲ್ಲ. ಮೈಗುರುತು: ಎಡಗಾಲಿನ ಎರಡು ಬೆರಳು ಒಂದಕ್ಕೊಂದು ಕೂಡಿಕೊಂಡಿವೆ.

"ತಾಯಿ ಹೆಸರು ಇಲ್ಲ ಅಜ್ಜ. ಎಲ್ಲೂ ಇಲ್ಲ. ನನಗೂ ಬೇಜಾರಾಗ್ತಿದೆ" ಎಂದಳು ಹುಡುಗಿ.

ಮಾವ ತಲೆಯಾಡಿಸಿ ಎದ್ದ. ಕಾರಿನಲ್ಲಿ ಕೂತವನು ಎಡಗಾಲಿನ ಬೂಟು ಬಿಚ್ಚಿದ, ಕಾಲುಚೀಲ ಎಳೆದ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿಕೊಂಡ. ಐದೂ ಬೇರೆ ಬೇರೆ, ನಡುವೆ ಒಂದು ಗೆರೆಯೂ ಇಲ್ಲ.

"ಬೆಳೀತಾ ಬೆಳೀತಾ ಬಿಟ್ಟುಕೊಂಡಿರಬಹುದು ಮಾವ" ಎಂದೆ ನಾನು, ಏನಾದರೂ ಹೇಳಬೇಕಲ್ಲ ಎಂದು.

"ಹುಚ್ಚಿ. ಅಂಥ ಕಾಲಿಗೆ ಎಷ್ಟು ಬೂಟು ಕೊರೆದಿದೀನಿ ನಾನು. ಕೂಡಿಕೊಂಡ ಬೆರಳು ಗುಂಡಿಗೆ ಇಳಿಯೋವಾಗ್ಲೂ ಕೂಡಿಕೊಂಡೇ ಇರುತ್ತೆ."

ಅರ್ಧ ದಾರಿಗೆ ಬಂದಾಗ ಬೂಟು ಮತ್ತೆ ಹಾಕಿಕೊಂಡ. ಆಮೇಲೆ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ, "ಅವ್ವನ ಮನೇಲಿ ಆಗ ಇನ್ನೊಂದು ಕೂಸಿತ್ತಲ್ಲ."

ನನಗೆ ಕೊರಳಪಟ್ಟಿಗಳ ನೆನಪಾಯಿತು. ಆ ಮಕ್ಕಳ ಕೊರಳಪಟ್ಟಿಗೆ ಸೀಸದ ಮುದ್ರೆ ಹಾಕಿ ಕಳಿಸುತ್ತಿದ್ದರು, ದಾದಿಯರು ಬಿಚ್ಚಬಾರದು, ಮಕ್ಕಳು ಅದಲುಬದಲಾಗಬಾರದು ಎಂದು. ಕೂಸು ಸತ್ತರೆ ಪಟ್ಟಿಯನ್ನು ಕತ್ತರಿಸಿ ಒಪ್ಪಿಸಬೇಕು. ಆದರೆ ಹಂದಿಯ ಕೊಬ್ಬು ಸವರಿ ಎಳೆದರೆ ಎಳೆಯ ತಲೆಯ ಮೇಲಿಂದ ಪಟ್ಟಿ ಜಾರಿ ಬರುತ್ತದೆ ಎಂಬುದು ನಮ್ಮೂರಿನ ಪ್ರತಿ ಅಜ್ಜಿಗೂ ಗೊತ್ತಿತ್ತು. ತುರಿಕೆ ಎದ್ದಾಗ ತೊಳೆಯಲು ಹಾಗೇ ತೆಗೆಯುತ್ತಿದ್ದರು. ತಪಾಸಣೆಗೆ ಬರುವ ವೈದ್ಯ ನೋಡುತ್ತಿದ್ದುದು ಕೊರಳಿನ ಸಂಖ್ಯೆಯನ್ನು, ಕೂಸಿನ ಮುಖವನ್ನಲ್ಲ. ನನ್ನ ಅಜ್ಜಿಯೇ ಇದನ್ನು ನಗುನಗುತ್ತ ಹೇಳಿದ್ದಳು. ಮಾವನಿಗೆ ಹೇಳುವ ಅಗತ್ಯ ಇರಲಿಲ್ಲ, ಅವನೂ ಇದೇ ಊರಲ್ಲಿ ಬೆಳೆದವನು.

ಎರಡನೆಯ ಸಲ ಹೋದಾಗ ಅದ್ರಿಯಾ ಕೊವೆಲ್‌ನ ಕಂತೆ ಕೇಳಿದೆವು. ಸತ್ತು ಅಷ್ಟು ಕಾಲವಾದವನದ್ದನ್ನು ಯಾರು ಕೇಳಿದರೂ ಕೊಡುತ್ತಾರಂತೆ. ಈ ಸಲದ ಕಂತೆ ದಪ್ಪಗಿತ್ತು. ಅದೇ ಹುಡುಗಿ ಓದಿದಳು. ತಾಯಿ ಕ್ಲೆಮಾನ್ಸ್ ಕೊವೆಲ್, ಅಗಸಗಿತ್ತಿ, ಮದುವೆಯಿಲ್ಲ. ಮಗುವನ್ನು ಬಿಟ್ಟುಕೊಟ್ಟಿಲ್ಲ, ದುಡಿಮೆ ಒಂದು ದಾರಿಗೆ ಬರುವ ತನಕ ಇಟ್ಟುಕೊಳ್ಳಿ, ವಾಪಸು ಕರೆದುಕೊಳ್ಳುತ್ತೇನೆ ಎಂದು ಬರೆಸಿದ್ದಾಳೆ. ಮೈಗುರುತು: ಬಲ ಭುಜದ ಹಿಂದೆ ಅಗಲವಾದ ಕೆಂಪು ಮಚ್ಚೆ.

ಮಾವನ ಕೈ ತಾನಾಗಿ ಭುಜಕ್ಕೆ ಹೋಯಿತು. ಕೋಟಿನ ಮೇಲಿಂದಲೇ ಅಲ್ಲಿ ಹಿಡಿದುಕೊಂಡು ಕೂತ. ಹುಡುಗಿ ಅದನ್ನು ನೋಡಿದಳು, ನನ್ನನ್ನು ನೋಡಿದಳು, ಕಾಗದ ಕೆಳಗಿಟ್ಟಳು.

"ಓದು ತಾಯಿ. ಓದು. ನಿಲ್ಲಿಸ್ಬೇಡ" ಎಂದ ಮಾವ.

ಕ್ಲೆಮಾನ್ಸ್ ತಿಂಗಳು ತಿಂಗಳೂ ಬರೆದಿದ್ದಳು. ಮಗುವಿಗೆ ಹಲ್ಲು ಬಂತಾ? ದಾದಿ ಒಳ್ಳೆಯವಳಾ? ಮಚ್ಚೆಗೆ ಬಿಸಿಲು ತಾಕಿಸಬೇಡಿ, ಉರಿಯುತ್ತದೆ ಎಂದು ಹೇಳಿ. ಕೊನೆಗೆ, ಕೆಲಸ ಖಾಯಂ ಆಗಿದೆ, ಈಸ್ಟರ್ ಹಬ್ಬಕ್ಕೆ ಬಂದು ಕರೆದುಕೊಂಡು ಹೋಗುತ್ತೇನೆ. ಆ ಸುದ್ದಿಯನ್ನು ದಾದಿಗೆ ಮುಟ್ಟಿಸಲಾಗಿದೆ ಎಂದು ಪಕ್ಕದಲ್ಲಿ ಯಾರೋ ಬರೆದಿದ್ದರು. ಅದಾದ ಎರಡು ವಾರಕ್ಕೆ, ಅದ್ರಿಯಾ ಕೊವೆಲ್ ತೀರಿಕೊಂಡ, ಕೊರಳಪಟ್ಟಿ ವಾಪಸು ಬಂದಿದೆ.

ಕಟ್ಟಕಡೆಗೆ ಇನ್ನೊಂದು ಪತ್ರ. ಗೋರಿಗೆ ಶಿಲುಬೆ ಹಾಕಿಸಲು ಹಣ ಕಳಿಸಿದ್ದೇನೆ. ಕಬ್ಬಿಣದ್ದೇ ಇರಲಿ, ಮರದ್ದು ಕೊಳೆಯುತ್ತದೆ. ಅವನ ಹೆಸರು ಅಳಿಸಿಹೋಗದ ಹಾಗೆ ನೋಡಿಕೊಳ್ಳಿ ಎಂದು ಅಲ್ಲಿ ಯಾರಿಗಾದರೂ ಹೇಳಿ.

ಹುಡುಗಿಗೆ ಮುಂದೆ ಓದಲು ಆಗಲಿಲ್ಲ. ನಾನು ಮೇಜಿನ ಕೆಳಗೆ ಮಾವನ ಮಂಡಿ ಒತ್ತಿ ಹಿಡಿದಿದ್ದೆ. ಟೈ ಕಟ್ಟಿದವನು "ಶ್" ಎಂದ. ಅವನ ಟೈ ಹಿಡಿದು ಎಳೆದುಬಿಡೋಣ ಎನ್ನಿಸಿತು.

ಊರಿಗೆ ಬಂದ ಕೂಡಲೇ ಮಾವ ಸ್ಮಶಾನದ ಮುಂದೆ ಕಾರು ನಿಲ್ಲಿಸಲು ಹೇಳಿದ. ಕೋಲೂರಿಕೊಂಡು ನೇರ ಫಿಲೊಮೆನ್‌ಳ ಗೋರಿಗೆ ಹೋದ. ನಾನು ಎರಡು ಹೆಜ್ಜೆ ಹಿಂದೆ. ಅವನು ಕಲ್ಲಿನ ಮೇಲೆ, ಅವಳ ಹೆಸರಿನ ಮೇಲೆ, ಥೂ ಎಂದು ಉಗಿದ. ಉಗಿದು ನಿಂತ. ಆಮೇಲೆ ಬಾಗಿ, ಕೋಟಿನ ತೋಳಿನಿಂದ ಅದನ್ನು ಒರೆಸಿದ. ಒರೆಸುತ್ತ ಒರೆಸುತ್ತ ಅಳುತ್ತಿದ್ದ.

"ಕದ್ದುಬಿಟ್ಲು ಕಣೇ. ಆ ಕೂಸು ಸತ್ತಾಗ ಕೊರಳಪಟ್ಟಿ ಅದಲುಬದಲು ಮಾಡಿ, ಬೆಕ್ಕಿನ ಮರಿ ಕದ್ದ ಹಾಗೆ ಕದ್ದುಬಿಟ್ಲು. ಅಲ್ಲೊಬ್ಳು ಬಟ್ಟೆ ಒಗೀತಾ ಒಗೀತಾ ಹಲ್ಲು ಬಂತಾ ಅಂತ ಕೇಳ್ತಿದ್ಲು. ಇವಳಿಗೆ ಗೊತ್ತಿತ್ತು, ಮಾರಿನೆಟ್. ಪ್ರತಿ ವರ್ಷ ನನ್ನ ಕೈ ಹಿಡ್ಕೊಂಡು ಬಂದು ಆ ಶಿಲುಬೆ ಮುಂದೆ ಮಂಡಿಯೂರಿಸ್ತಿದ್ಲು. ಗೊತ್ತಿದ್ದೂ!"

"ನಿನ್ನ ಮೇಲೆ ಪ್ರಾಣ ಇಟ್ಕೊಂಡಿದ್ಲು ಮಾವ."

"ಇಟ್ಕೊಂಡಿದ್ಲು. ಅದೇ ತಡ್ಕೊಳ್ಳೋಕೆ ಆಗ್ತಿಲ್ಲ. ಹೊಡೆದು ಬಡಿದು ಸಾಕಿದ್ರೆ ಇವತ್ತು ಶಾಪ ಹಾಕಿ ಮನೆಗೆ ಹೋಗ್ತಿದ್ದೆ."

ಅದಾದ ಮೇಲೆ ಅವನು ಫಿಲೊಮೆನ್‌ಳನ್ನು ಅವ್ವ ಎಂದು ಕರೆದದ್ದನ್ನು ನಾನು ಕೇಳಲಿಲ್ಲ. ಬೇರೆ ಹೆಸರಿನಿಂದಲೂ ಕರೆಯಲಿಲ್ಲ. ಬೇಸಿಗೆಯೆಲ್ಲ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದ. ಸೂಪು ಕೊಟ್ಟರೆ ಎರಡು ಚಮಚ ಕುಡಿದು ಇಟ್ಟುಬಿಡುತ್ತಿದ್ದ. ನನಗೆ ತಡೆಯಲಾಗಲಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಹೆಸರು ಸಿಕ್ಕಿತಲ್ಲ ಮಾವ. ಬೇಕಿದ್ದದ್ದು ಅದೇ ತಾನೇ? ಪಾದ್ರಿಗೆ ಬರೆದುಕೊಡ್ತೀನಿ. ಕ್ಲೆಮಾನ್ಸ್ ಕೊವೆಲ್‌ಳ ಮಗ ಅಂತ ಕೂಗ್ಲಿ. ಊರಿಗೆ ಗೊತ್ತಾಗ್ಲಿ."

"ಬೇಡ."

"ಯಾಕೆ? ಫಿಲೊಮೆನ್ ಮಾನ ಹೋಗುತ್ತೆ ಅಂತಲಾ? ಹೋಗ್ಲಿ! ಸತ್ತೋರಿಗೆ ಎಂಥ ಮಾನ?"

"ಅವಳ ಮಾತು ಎತ್ಬೇಡ." ಉಸಿರು ಸಿಗಲು ಸ್ವಲ್ಪ ಕಾದ. "ಆ ಶಿಲುಬೆ ಕೆಳಗೆ ಮಲಗಿರೋ ಮಗು ಯಾರು ಹೇಳು. ಅವನೇ ಸೊಸ್ತೆನ್ ಜಾನ್ವಿಯೆ. ಇಗರ್ಜಿ ಮೆಟ್ಟಿಲ ಮೇಲೆ ಬಿಸಾಕಿ ಹೋಗಿದ್ದ ಕೂಸು. ಹುಟ್ಟಿದಾಗಿಂದ ಅವನಿಗೆ ಯಾರೂ ಇರ್ಲಿಲ್ಲ. ಸತ್ತ ಮೇಲೆ ಒಬ್ಳು ಸಿಕ್ಕಿದ್ಲು. ಅಷ್ಟು ದೂರದಿಂದ ಅವನಿಗೋಸ್ಕರ ಅತ್ತಳು, ಶಿಲುಬೆ ಹಾಕಿಸಿದ್ಲು. ಆ ಹೆಸರು ನಂದು ಅಂತ ನಾನೀಗ ಕಿತ್ಕೊಂಡ್ರೆ ಮಗೂಗೆ ಮತ್ತೆ ಯಾರೂ ಇರಲ್ಲ."

"ಮತ್ತೆ ನಿನಗೆ?"

"ನನಗೆ ಗೊತ್ತಲ್ಲ, ಸಾಕು. ನಾನು ಕದ್ದ ಮಾಲು, ಸರಿ. ಕಳ್ಳ ಆಗಲ್ಲ."

ನನಗೆ ಅವನ ಮೇಲೆ ಸಿಟ್ಟು ಬಂತು. ಒಂದು ಹೆಸರಿಗಾಗಿ ಜೀವಮಾನವೆಲ್ಲ ಹಲುಬಿ, ಅದು ಕೈಗೆ ಬಂದಾಗ ಯಾವತ್ತೋ ಸತ್ತ ಕೂಸಿಗೆ ದಾನ ಕೊಡುವುದೇ? ಜಗಳವಾಡಿದೆ. ಪಾತ್ರೆ ಕುಕ್ಕಿದೆ. ಅವನು ಜಗ್ಗಲಿಲ್ಲ. ನನ್ನಿಂದ ಇನ್ನೂ ಒಂದು ಮಾತು ತೆಗೆದುಕೊಂಡ: ತನ್ನನ್ನು ಫಿಲೊಮೆನ್‌ಳ ಪಕ್ಕ ಹೂಳಬಾರದು, ಗೋಡೆಯ ಮೂಲೆಯಲ್ಲಿ ಪಾರೀಸಿನ ಕೂಸುಗಳ ಜೊತೆ ಹೂಳಬೇಕು.

ಅಕ್ಟೋಬರ್ ಕೊನೆಗೆ ಎದ್ದು ನಡೆಯುವ ಶಕ್ತಿ ಇರಲಿಲ್ಲ. ಆದರೂ ಬಣ್ಣದ ಡಬ್ಬಿ ಕೇಳಿದ. ಕಾರನ್ನು ಸ್ಮಶಾನದ ಗೇಟಿನ ತನಕ ತಂದು, ಅಲ್ಲಿಂದ ಹೆಗಲು ಕೊಟ್ಟು ಕರೆದೊಯ್ದೆ. ತುಕ್ಕು ನಾನು ಕೆರೆದೆ. ಅಕ್ಷರ ಮಾತ್ರ ಅವನೇ ತಿದ್ದಿದ. ಅದ್ರಿಯಾ ಎಂಬುದನ್ನು ಬೇಗ ಮುಗಿಸಿದ. ಕೊವೆಲ್ ಎಂಬುದರ ಮೇಲೆ ಕುಂಚ ಎಷ್ಟು ಹೊತ್ತು ಓಡಾಡಿತೆಂದರೆ, ಚಳಿಗೆ ನನ್ನ ಕಾಲು ಮರಗಟ್ಟಿತು.

"ಅಳಿಸಿಹೋಗದ ಹಾಗೆ ನೋಡಿಕೊಳ್ಳಿ ಅಂದಿದ್ಲು" ಎಂದ. "ನೋಡ್ಕೊಂಡೆ. ಯಾರಿಗೆ ಅಂತ ಗೊತ್ತಿಲ್ದೇ ನೋಡ್ಕೊಂಡೆ."

ಡಿಸೆಂಬರಿನಲ್ಲಿ ಹೋದ. ನೆಲ ಹೆಪ್ಪುಗಟ್ಟಿ, ಗುಂಡಿ ತೋಡಲು ಗುದ್ದಲಿ ಸಾಲದೆ ಹಾರೆ ತರಬೇಕಾಯಿತು. ಗೋಡೆಯ ಮೂಲೆ ಎಂದಾಗ ಊರವರು ಗುಸುಗುಸು ಮಾಡಿದರು, ಸಾಕಿದ ತಾಯಿಯ ಪಕ್ಕದಲ್ಲಿ ಜಾಗ ಇಟ್ಟುಕೊಂಡು ಇದೆಂಥ ಹುಚ್ಚು ಎಂದು. ನಾನು ಬಾಯಿ ಬಿಡಲಿಲ್ಲ. ಈಗ ಫಿಲೊಮೆನ್‌ಳ ಮುಖ ಕಂಡವರು ಊರಲ್ಲಿ ನನ್ನ ಹೊರತು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಪಾದ್ರಿಯವರು "ಸೊಸ್ತೆನ್ ಜಾನ್ವಿಯೆ" ಎಂದು ಕೂಗಿದರು. ಕೂಗಿ ನನ್ನ ಕಡೆ ನೋಡಿದರು. ಎರಡು ಸಲ ನೆವೆರ್‌ಗೆ ಹೋಗಿ ಬಂದದ್ದು ಅವರಿಗೆ ಗೊತ್ತಿತ್ತು, ಹೆಸರು ಬರುತ್ತದೆ ಎಂದು ಕಾದರು. ಜನವೂ ತಿರುಗಿ ನೋಡಿತು. ಆ ಹೆಸರು ನನ್ನ ನಾಲಿಗೆಯ ತುದಿಯಲ್ಲಿತ್ತು. ಎದುರಿಗೆ ನಾಲ್ಕು ಹೆಜ್ಜೆ ಆಚೆ ಶಿಲುಬೆಯ ಮೇಲೆ, ಕೊವೆಲ್ ಎಂದು ಬಿಳೀ ಅಕ್ಷರದಲ್ಲೂ ಇತ್ತು. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಪಾದ್ರಿಯವರು ಇನ್ನೂ ಸ್ವಲ್ಪ ಹೊತ್ತು ಸುಮ್ಮನೆ ನಿಂತು, ಮಣ್ಣು ಹಾಕಿ ಎಂದರು.

ಫಿಲೊಮೆನ್‌ಳ ಕಲ್ಲಿನ ಮೇಲೆ 1911ರ ಮುಂದಿನ ಜಾಗ ಇನ್ನೂ ಖಾಲಿ ಇದೆ. ಶಿಲುಬೆಗೆ ಈಗ ನಾನು ಬಣ್ಣ ಬಳಿಯುತ್ತೇನೆ.